ಗೇಮ್ ಪೆಟ್ಟಿಗೆ ನಾವೇ ಮಾಡೋಣ: ಪಿಕೋ ಬೋರ್ಡು, ಚಿಕ್ಕ ಪರದೆ, ಆರು ಬಟನ್ (ದಾವಣಗೆರೆ, ದುರ್ಗದವರು ಬನ್ನಿ)

@ಮಂಡಿಪೇಟೆ_ಬೆಂಚು

ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಹಾಕಿ, ಕೈಯಲ್ಲಿ ಹಿಡಿದು ಆಡುವ ಹಳೇ ಥರದ ಗೇಮ್ ಪೆಟ್ಟಿಗೆ ಮಾಡೋದು ಹೇಗೆ ಅಂತ ನಮ್ಮ ಕಡೆ ಹುಡುಗರು ತುಂಬಾ ಜನ ಕೇಳುತ್ತಿದ್ದಾರೆ. ಟಿವಿ, ರಿಮೋಟ್, ಯುಪಿಎಸ್ ರಿಪೇರಿ ನನ್ನ ಕೆಲಸ. ಕಾಲೇಜು ಬಿಟ್ಟ ಮೇಲೆ ಬೆಂಚಿನ ಹತ್ತಿರ ಬಂದು ನಿಲ್ಲುವವರಿಗೆ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ. ಮಾಡಿದವರು, ಮಾಡುತ್ತಿರುವವರು ಸೇರಿಸುತ್ತಾ ಹೋಗಿ.

ಪರದೆ ಮೊದಲು ಆರಿಸಿ, ಚಿಪ್ ಆಮೇಲೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಯಾವ ಬೋರ್ಡು ಫಾಸ್ಟು ಅಂತ ಹುಡುಕಿ ತರಿಸುತ್ತಾರೆ, ಆಮೇಲೆ ಕೈಗೆ ಸಿಕ್ಕ ಪರದೆ ಜೋಡಿಸುತ್ತಾರೆ. ಆದರೆ ಎಷ್ಟು ಮೆಮೊರಿ ಬೇಕು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಚಿತ್ರ ಬಿಡಿಸುವುದು ಎಷ್ಟು ಕೆಲಸ, ಇದೆಲ್ಲ ಪರದೆಯಿಂದಲೇ ತೀರ್ಮಾನ ಆಗುತ್ತದೆ.

ಲೆಕ್ಕ ಹಾಕಿ ನೋಡಿ. 128×64 ಚುಕ್ಕಿಯ ಕಪ್ಪು-ಬಿಳುಪು ಒಎಲ್‌ಇಡಿ ಪರದೆ ಇದೆ ಅಂದುಕೊಳ್ಳಿ. ಒಂದು ಚುಕ್ಕಿಗೆ ಒಂದು ಬಿಟ್. ಒಟ್ಟು 8192 ಬಿಟ್, ಅಂದರೆ 1024 ಬೈಟ್. ಇಡೀ ಪರದೆಯ ಚಿತ್ರ ಒಂದು ಕೆಬಿಯಲ್ಲಿ ಮುಗಿಯಿತು. ಅದೇ 320×240 ಬಣ್ಣದ ಪರದೆಯಾದರೆ ಚುಕ್ಕಿಗೆ 16 ಬಿಟ್ ಬೇಕು. 1,53,600 ಬೈಟ್ ಆಗುತ್ತದೆ. ಸರಿಯಾಗಿ 150 ಪಟ್ಟು ಜಾಸ್ತಿ. ಅಷ್ಟನ್ನೂ ಸೆಕೆಂಡಿಗೆ 30 ಸಲ ಪರದೆಗೆ ಕಳಿಸಬೇಕು.

ಆರ್ಡುಬಾಯ್ ಅಂತ ಕ್ರೆಡಿಟ್ ಕಾರ್ಡ್ ಗಾತ್ರದ ಒಂದು ಗೇಮ್ ಪೆಟ್ಟಿಗೆ 2015-16ರ ಹೊತ್ತಿಗೆ ಬಂತು. ಅದರ ಪರದೆ ಇದೇ 128×64. ಒಳಗಿರುವುದು ಎಟಿಮೆಗಾ32ಯು4 ಚಿಪ್: 16 ಮೆಗಾಹರ್ಟ್ಸ್, 32 ಕೆಬಿ ಫ್ಲ್ಯಾಶ್ (ಪ್ರೋಗ್ರಾಮ್ ಉಳಿಯುವ ಜಾಗ), ಎರಡೂವರೆ ಕೆಬಿ ರ‍್ಯಾಮ್. ಆ ಎರಡೂವರೆ ಕೆಬಿಯಲ್ಲಿ ಒಂದು ಕೆಬಿ ಪರದೆಗೇ ಹೋಯಿತು. ಉಳಿದದ್ದರಲ್ಲಿ ಜನ ನೂರಾರು ಗೇಮ್ ಬರೆದಿದ್ದಾರೆ. 1989ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಪೆಟ್ಟಿಗೆ ತೆಗೆದುಕೊಂಡರೂ ಅದರ ಪರದೆ 160×144, ನಾಲ್ಕೇ ಛಾಯೆ, ಕೆಲಸದ ರ‍್ಯಾಮ್ 8 ಕೆಬಿ.

ಈಗ ನಮ್ಮ ಕೈಗೆ ಸಿಗುವ ರಾಸ್ಪ್‌ಬೆರಿ ಪೈ ಪಿಕೋ 2021ರಲ್ಲಿ ಬಂದದ್ದು. ಅದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್, 133 ಮೆಗಾಹರ್ಟ್ಸ್, 264 ಕೆಬಿ ರ‍್ಯಾಮ್. ಬೋರ್ಡಿನ ಮೇಲೆ 2 ಎಂಬಿ ಫ್ಲ್ಯಾಶ್. 2024ರ ಪಿಕೋ 2 ಇದ್ದರೂ ಪರವಾಗಿಲ್ಲ, ಜೋಡಣೆ ಒಂದೇ. ನಾನು ಹುಡುಗರಿಗೆ ಹೇಳುವುದು ಪಿಕೋ ಮತ್ತು 128×64 ಒಎಲ್‌ಇಡಿ. ಸೆಲ್, ಬಟನ್, ಬಜರ್ ಎಲ್ಲಾ ಸೇರಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ.

ಪರದೆಗೆ ಎರಡು ಥರದ ಜೋಡಣೆ ಬರುತ್ತದೆ. ನಾಲ್ಕು ಪಿನ್ನಿನದು ಐ2ಸಿ, ಏಳು ಪಿನ್ನಿನದು ಎಸ್‌ಪಿಐ. ಗೇಮ್‌ಗೆ ಎಸ್‌ಪಿಐ ತಗೊಳ್ಳಿ. ಐ2ಸಿಯಲ್ಲಿ 400 ಕಿಲೋಹರ್ಟ್ಸ್ ಇಟ್ಟರೆ ಒಂದು ಚಿತ್ರ ಕಳಿಸಲು ಸುಮಾರು 23 ಮಿಲಿಸೆಕೆಂಡ್ ಬೇಕು. ಎಸ್‌ಪಿಐ 8 ಮೆಗಾಹರ್ಟ್ಸ್‌ನಲ್ಲಿ ಒಂದೇ ಮಿಲಿಸೆಕೆಂಡ್. ಸಣ್ಣ ನಲ್ಲಿಯಲ್ಲಿ ಸಿಂಟೆಕ್ಸ್ ತುಂಬಿಸುತ್ತಾ ಕೂರುವುದಕ್ಕೂ ಮೋಟಾರ್ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಬಟನ್ ಸುಲಭ. ಪ್ರತಿ ಬಟನ್ನಿನ ಒಂದು ಕಾಲು ಪಿಕೋ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಪಿಕೋ ಒಳಗೇ ಪುಲ್-ಅಪ್ (ಒತ್ತದಿದ್ದಾಗ ಪಿನ್ನನ್ನು ಒಂದರಲ್ಲೇ ಹಿಡಿದಿಡುವ ರೆಸಿಸ್ಟರ್) ಇದೆ, ಹೊರಗಿನಿಂದ ರೆಸಿಸ್ಟರ್ ಬೇಡ. ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ಬಟನ್ ಒತ್ತಿದಾಗ ಒಳಗಿನ ತಗಡು ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಒಂದೇ ಒತ್ತು ನಾಲ್ಕೈದು ಒತ್ತಿನ ಹಾಗೆ ಕಾಣುತ್ತದೆ. ಅದಕ್ಕೆ ದೊಡ್ಡ ಕೋಡ್ ಬೇಡ. ಪ್ರತಿ ಫ್ರೇಮ್‌ಗೆ, ಅಂದರೆ ಪರದೆಗೆ ಹೋಗುವ ಒಂದೊಂದು ಚಿತ್ರಕ್ಕೆ, ಒಂದೇ ಸಲ ಬಟನ್ ಓದಿ. 33 ಮಿಲಿಸೆಕೆಂಡಿಗೊಮ್ಮೆ ಓದಿದರೆ ಅದುರುವುದು ಅಷ್ಟರಲ್ಲಿ ನಿಂತಿರುತ್ತದೆ.

ಕೊನೆಯದಾಗಿ, ನನ್ನ ಪಾಲಿಗೆ ಇದೇ ಮುಖ್ಯ. ಇದರಲ್ಲಿ ಬೇರೆಯವರ ಗೇಮ್ ತುಂಬಿಸಬೇಡಿ. ನಿಮ್ಮದೇ ಒಂದು ಗೇಮ್ ಓಡಲಿ, ಎಷ್ಟೇ ಚಿಕ್ಕದಿರಲಿ. ಈ ಗಾತ್ರದ ಯಂತ್ರದಲ್ಲಿ ಬಟನ್ ಒತ್ತಿದ್ದರಿಂದ ಹಿಡಿದು ಪರದೆಯ ಚುಕ್ಕಿ ಹೊತ್ತುವ ತನಕ ಪ್ರತಿ ಹೆಜ್ಜೆಯೂ ನಿಮಗೆ ಗೊತ್ತಿರುತ್ತದೆ. ಮೊಬೈಲ್‌ನಲ್ಲಿ ಅದು ಯಾರಿಗೂ ಸಾಧ್ಯವಿಲ್ಲ.

@ಹದಡಿ_ರಸ್ತೆ

ಒಳ್ಳೆ ವಿಷಯ ಎತ್ತಿದ್ದೀರಿ ಅಣ್ಣ. ಪರದೆ ಮೊದಲು ಅನ್ನೋದು ಒಪ್ಪಿದೆ. ಆದರೆ ಕಪ್ಪು-ಬಿಳುಪಿಗೇ ನಿಲ್ಲಬೇಕು ಅನ್ನೋದು ಒಪ್ಪುವುದಿಲ್ಲ.

ನಾನು ಇಎಸ್‌ಪಿ32 ಕಡೆಯವನು. 240 ಮೆಗಾಹರ್ಟ್ಸ್, ಎರಡು ಕೋರ್, 520 ಕೆಬಿ ರ‍್ಯಾಮ್. ಐಎಲ್‌ಐ9341 ಪರದೆ, 320×240. 2018ರಲ್ಲಿ ಬಂದ ಒಡ್ರಾಯ್ಡ್-ಗೋ ಅನ್ನುವ ಗೇಮ್ ಪೆಟ್ಟಿಗೆ ಇದೇ ಚಿಪ್‌ನಲ್ಲಿ ಮಾಡಿದ್ದು. ರೆಟ್ರೋ-ಗೋ ಅನ್ನುವ ಉಚಿತ ತಂತ್ರಾಂಶ ಹಾಕಿದರೆ ಗೇಮ್ ಬಾಯ್, ಎನ್‌ಇಎಸ್ (ನಿಂಟೆಂಡೊದ ಟಿವಿ ಗೇಮ್) ಎರಡರ ಗೇಮ್‌ಗಳೂ ಓಡುತ್ತವೆ. ಟಿವಿಗೆ ಕ್ಯಾಸೆಟ್ ಹಾಕಿ ಆಡಿದ ನಮ್ಮ ವಯಸ್ಸಿನವರಿಗೆ ಆ ಬಣ್ಣ ಕಂಡಾಗ ಆಗುವ ಖುಷಿಯೇ ಬೇರೆ. ನಿಮ್ಮ ಪಿಕೋದಲ್ಲೂ ಗೇಮ್ ಬಾಯ್ ಎಮ್ಯುಲೇಟರ್ (ಹಳೇ ಯಂತ್ರದ ಹಾಗೇ ನಡೆದುಕೊಂಡು ಅದರ ಗೇಮ್ ಓಡಿಸುವ ತಂತ್ರಾಂಶ) ಓಡಿಸಬಹುದು. ಪೀನಟ್-ಜಿಬಿ ಅಂತ ಒಂದೇ ಒಂದು ಹೆಡರ್ ಫೈಲಿನಲ್ಲಿ ಬರೆದ ಎಮ್ಯುಲೇಟರ್ ಇದೆ. ಅದನ್ನು ಓದಿದರೇ ಒಂದು ಪಾಠ.

ಇನ್ನೊಂದು ವಿಷಯ. ಹುಡುಗರು ಮೊದಲು ಏನೋ ಒಂದು ಪರದೆ ಮೇಲೆ ಓಡೋದನ್ನು ನೋಡಬೇಕು. ಆಗ ಕುತೂಹಲ ಹುಟ್ಟುತ್ತದೆ. ಗೇಮ್ ಬರೆಯುವುದು ಆಮೇಲೆ ಬರುತ್ತದೆ.

@ಮಂಡಿಪೇಟೆ_ಬೆಂಚು

ಎಮ್ಯುಲೇಟರ್ ಬರೆಯುವುದು ದೊಡ್ಡ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಿದ್ದು ಅದನ್ನು ಸುಮ್ನೆ ಕಾಪಿ ಮಾಡಿ ಹಾಕಿಕೊಳ್ಳುವುದರ ಬಗ್ಗೆ. ಪೆಟ್ಟಿಗೆ ಸಿದ್ಧವಾದ ದಿನ ಹುಡುಗ ಮಾರಿಯೋ ಆಡುತ್ತಾನೆ. ಒಂದು ವಾರಕ್ಕೆ ಬೇಜಾರಾಗಿ ಡ್ರಾಯರ್ ಸೇರುತ್ತದೆ. ಅದೇ ಗೇಮ್ ಮೊಬೈಲ್‌ನಲ್ಲಿ ಇನ್ನೂ ಚೆನ್ನಾಗಿ ಓಡುತ್ತದೆ ಅಲ್ವಾ?

ಬಣ್ಣದ ಪರದೆಯ ಲೆಕ್ಕವನ್ನೂ ಬರೆಯುತ್ತೇನೆ. 320×240ಕ್ಕೆ ಒಂದು ಫ್ರೇಮ್ ಅಂದರೆ 12,28,800 ಬಿಟ್. ಎಸ್‌ಪಿಐ 40 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಸೆಕೆಂಡಿಗೆ 32 ಫ್ರೇಮ್ ಮೇಲಿನ ಮಿತಿ. ಗೇಮ್ ಬಾಯ್ ಓಡುತ್ತಿದ್ದದ್ದು ಸೆಕೆಂಡಿಗೆ ಸುಮಾರು 60 ಫ್ರೇಮ್. ಡಿಎಂಎ (ಚಿಪ್ ಬೇರೆ ಕೆಲಸ ಮಾಡುವಾಗಲೇ ಚಿತ್ರ ತಾನಾಗಿ ಪರದೆಗೆ ಹೋಗುವ ಏರ್ಪಾಡು) ಗೊತ್ತಿಲ್ಲದವನು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಚಿತ್ರ ಎಳೆದಂತೆ ಕಾಣುತ್ತದೆ. ಬಣ್ಣವೇ ಬೇಕು ಅನ್ನುವವರು ಪರದೆ ಪೂರ್ತಿ ಬರೆಯಬೇಡಿ. ಹಿಂದಿನ ಫ್ರೇಮ್‌ಗಿಂತ ಎಲ್ಲಿ ಬದಲಾಗಿದೆಯೋ ಆ ಚೌಕ ಮಾತ್ರ ಕಳಿಸಿ. 16×16ರ ಒಂದು ಗೊಂಬೆ ಸರಿಯಿತು ಅಂದರೆ ಹಳೇ ಜಾಗ, ಹೊಸ ಜಾಗ ಸೇರಿ 1024 ಬೈಟ್, ಅಷ್ಟೇ.

@ಹದಡಿ_ರಸ್ತೆ

ಬದಲಾದ ಚೌಕ ಮಾತ್ರ ಕಳಿಸೋದು ಸರಿ. ಮಾರಿಯೋ ಥರ ಇಡೀ ಹಿನ್ನೆಲೆಯೇ ಸರಿಯುವ ಗೇಮ್‌ಗೆ ಅದು ಆಗುವುದಿಲ್ಲ, ಒಂದು ಪರದೆಯಲ್ಲೇ ಮುಗಿಯುವ ಗೇಮ್‌ಗೆ ಸಾಕು. ನಾನು ಬಣ್ಣ ಬಿಡುವುದಿಲ್ಲ, ನೀವು ಬಿಳುಪು ಬಿಡುವುದಿಲ್ಲ. ಇರಲಿ.

@ಹರಿಹರ_ಸೇತುವೆ

ನಾನು ಹದಡಿ ರಸ್ತೆ ಅಣ್ಣ ಹೇಳಿದ ಥರವೇ ಇಎಸ್‌ಪಿ32 ಮತ್ತು ಬಣ್ಣದ ಪರದೆ ಹಾಕಿದ್ದೇನೆ. ಕಂಪ್ಯೂಟರಿಗೆ ಯುಎಸ್‌ಬಿ ಸಿಕ್ಕಿಸಿದರೆ ಎಲ್ಲಾ ಚೆನ್ನಾಗಿ ಓಡುತ್ತದೆ. ಬ್ಯಾಟರಿಗೆ ಹಾಕಿದರೆ ಚಾರ್ಜ್ ಪೂರ್ತಿ ಇದ್ದಾಗ ಸ್ವಲ್ಪ ಹೊತ್ತು ಆಡುತ್ತದೆ, ಆಮೇಲೆ ತಾನೇ ಆಫ್ ಆಗಿ ಆನ್ ಆಗುತ್ತದೆ. ಪರದೆಯ ಬೆಳಕು ಜಾಸ್ತಿ ಮಾಡಿದರೆ ತಕ್ಷಣ ರೀಸ್ಟಾರ್ಟ್. ಸೆಲ್ ಹೊಸದು, 3.7 ವೋಲ್ಟ್. ಬೋರ್ಡಿನ 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದೇನೆ. ಸೆಲ್ಲೇ ಹಾಳಾ?

@ಮಂಡಿಪೇಟೆ_ಬೆಂಚು

ಸೆಲ್ ಹಾಳಾಗಿಲ್ಲ ತಮ್ಮಾ. ನಿನ್ನ ಬೋರ್ಡಿನಲ್ಲಿ ಯುಎಸ್‌ಬಿ ಪಕ್ಕ ಮೂರು ಕಾಲಿನ, ಬೆನ್ನ ಮೇಲೆ ಅಗಲ ತಗಡಿನ ಒಂದು ಕಪ್ಪು ಐಸಿ ಇರುತ್ತದೆ. ಅದರ ಮೇಲೆ 1117 ಅಂತ ಇದೆಯಾ ನೋಡು. ಅದು 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್. ಅದಕ್ಕೆ ಕೆಲಸ ಮಾಡಲು ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು 1.1 ವೋಲ್ಟ್ ಜಾಸ್ತಿ ಇರಬೇಕು. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್ ಇರುತ್ತದೆ, 3.1 ಸಿಗುತ್ತದೆ, ಹೇಗೋ ನಡೆಯುತ್ತದೆ. ಸೆಲ್ 3.7ಕ್ಕೆ ಇಳಿದಾಗ ಚಿಪ್ಪಿಗೆ ಸಿಗುವುದು 2.6ರ ಹತ್ತಿರ. ಬೆಳಕು ಜಾಸ್ತಿ ಮಾಡಿದರೆ ಕರೆಂಟ್ ಜಾಸ್ತಿ ಎಳೆದು ಇನ್ನೂ ಕುಸಿಯುತ್ತದೆ. ವೋಲ್ಟೇಜ್ ಬಿತ್ತು ಅಂತ ಚಿಪ್ ತಾನೇ ರೀಸೆಟ್ ಆಗುತ್ತದೆ. ಇದಕ್ಕೆ ಬ್ರೌನ್‌ಔಟ್ ಅನ್ನುತ್ತಾರೆ.

ಮಲ್ಟಿಮೀಟರ್ ತಗೊಂಡು ಗೇಮ್ ಓಡುತ್ತಿರುವಾಗಲೇ 3.3 ಪಿನ್ ಅಳೆದು ನೋಡು. ಎಂಸಿಪಿ1700 ಅನ್ನುವ ರೆಗ್ಯುಲೇಟರ್, 3.3 ವೋಲ್ಟಿನದು ತಂದು, ಸೆಲ್‌ನಿಂದ ಅದರ ಮೂಲಕ ನೇರ 3.3 ಪಿನ್ನಿಗೆ ಕೊಡು. ಅದಕ್ಕೆ 250 ಮಿಲಿಆಂಪ್ ಎಳೆದಾಗಲೂ ಸಾಮಾನ್ಯವಾಗಿ 0.2 ವೋಲ್ಟಿಗಿಂತ ಕಡಿಮೆ ಅಂತರ ಸಾಕು. ಕೋಡಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡು, ಇಲ್ಲದಿದ್ದರೆ 250 ಸಾಲುವುದಿಲ್ಲ. ಯುಎಸ್‌ಬಿ ಹಾಕುವ ಮುಂಚೆ ಬ್ಯಾಟರಿ ಸ್ವಿಚ್ ಆಫ್ ಮಾಡಲೇಬೇಕು, ಎರಡು ರೆಗ್ಯುಲೇಟರ್ ಒಂದೇ ತಂತಿಗೆ ಬಡಿದಾಡಬಾರದು.

@ಹದಡಿ_ರಸ್ತೆ

ಇಎಸ್‌ಪಿ32 ಹಾಕುವವರು ಪಿನ್ ಆರಿಸುವಾಗ ಇವಿಷ್ಟು ನೋಡಿಕೊಳ್ಳಿ. 34ರಿಂದ 39ರ ತನಕದ ಪಿನ್‌ಗಳಲ್ಲಿ ಒಳಗೆ ಪುಲ್-ಅಪ್ ಇಲ್ಲ. ಅಲ್ಲಿ ಬಟನ್ ಹಾಕಿದರೆ ಹೊರಗೆ 10 ಕಿಲೋಓಮ್ ಕೊಡಬೇಕು, ಇಲ್ಲದಿದ್ದರೆ ಬಟನ್ ತಾನೇ ಒತ್ತಿಕೊಳ್ಳುತ್ತದೆ. ಸೊನ್ನೆ ಪಿನ್ನಿಗೆ ಬಟನ್ ಹಾಕಿ, ಅದನ್ನು ಒತ್ತಿಕೊಂಡೇ ಆನ್ ಮಾಡಿದರೆ ಗೇಮ್ ಶುರುವಾಗುವುದಿಲ್ಲ, ಚಿಪ್ ಪ್ರೋಗ್ರಾಮ್‌ಗೆ ಕಾಯುತ್ತಾ ಕೂರುತ್ತದೆ. 12ನೇ ಪಿನ್ ಮುಟ್ಟಲೇಬೇಡಿ. ಆನ್ ಆಗುವಾಗ ಅದು ಮೇಲಿದ್ದರೆ ಫ್ಲ್ಯಾಶ್‌ಗೆ ತಪ್ಪು ವೋಲ್ಟೇಜ್ ಹೋಗಿ ಬೋರ್ಡು ಏಳುವುದೇ ಇಲ್ಲ.

@ಹರಿಹರ_ಸೇತುವೆ

1117 ಅಂತಲೇ ಇದೆ ಅಣ್ಣ! ಅಳೆದೆ, ಬೆಳಕು ಪೂರ್ತಿ ಇಟ್ಟಾಗ 2.5 ತೋರಿಸಿತು. ಹೊಸ ರೆಗ್ಯುಲೇಟರ್ ತರಿಸುತ್ತೇನೆ.

@ಹಿರಿಯೂರು_ಮೇಷ್ಟ್ರು

ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟು, ಒಂಬತ್ತನೇ ತರಗತಿ ಮಕ್ಕಳ ಜೊತೆ ಇದನ್ನು ಮಾಡುವ ಆಸೆ. ವಿದ್ಯುತ್ ಪಾಠದಲ್ಲಿ ಬಲ್ಬು, ಸ್ವಿಚ್ಚು ಚಿತ್ರ ಬರೆದು ಮುಗಿಸುತ್ತೇವೆ. ಈ ಪೆಟ್ಟಿಗೆಯಲ್ಲಿ ಸ್ವಿಚ್ ಒತ್ತಿದರೆ ಏನಾಗುತ್ತದೆ ಅಂತ ಮಕ್ಕಳೇ ತೀರ್ಮಾನ ಮಾಡುತ್ತಾರೆ, ಅದು ನನಗೆ ತುಂಬಾ ಹಿಡಿಸಿತು.

ಭಯ ಇರುವುದು ಲಿಥಿಯಂ ಸೆಲ್ ಬಗ್ಗೆ. ಮಕ್ಕಳ ಬ್ಯಾಗಿನಲ್ಲಿ ಉಬ್ಬಿದರೆ, ತಂತಿ ತಾಗಿ ಬಿಸಿಯಾದರೆ ಏನು ಗತಿ? ಬೇರೆ ದಾರಿ ಇದೆಯೇ? ಬೆಸುಗೆ ಹಾಕಿಸುವುದೂ ಈ ವಯಸ್ಸಿಗೆ ಸರಿಯೇ?

@ಮಂಡಿಪೇಟೆ_ಬೆಂಚು

ಮೇಷ್ಟ್ರೇ, ದಾರಿ ಇದೆ, ಚೆನ್ನಾಗಿಯೇ ಇದೆ. ನಾನು ಪಿಕೋ ಅನ್ನುವುದಕ್ಕೆ ದೊಡ್ಡ ಕಾರಣವೇ ಇದು. ಪಿಕೋ ಬೋರ್ಡಿನ ರೆಗ್ಯುಲೇಟರ್ ಬೇರೆ ಜಾತಿಯದು. ವೋಲ್ಟೇಜ್ ಕಡಿಮೆ ಇದ್ದರೆ ಏರಿಸುತ್ತದೆ, ಜಾಸ್ತಿ ಇದ್ದರೆ ಇಳಿಸುತ್ತದೆ. ಅದರ ವಿಸಿಸ್ (VSYS) ಪಿನ್ನಿಗೆ 1.8ರಿಂದ 5.5 ವೋಲ್ಟ್ ತನಕ ಏನು ಕೊಟ್ಟರೂ 3.3 ಬರುತ್ತದೆ. ಹಾಗಾಗಿ ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಎಎ ಪೆನ್ಸಿಲ್ ಸೆಲ್ ಮೂರು ಹಾಕಿ, 4.5 ವೋಲ್ಟ್. ಲಿಥಿಯಂ ಬೇಡವೇ ಬೇಡ. ಗೇಮ್ ಬಾಯ್ ಕೂಡ ನಾಲ್ಕು ಎಎ ಸೆಲ್‌ನಲ್ಲೇ ಓಡುತ್ತಿತ್ತು. ಮೂರು ಸೆಲ್ಲಿನ ಹೋಲ್ಡರ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ.

ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಮಾತ್ರ ಮರೆಯಬೇಡಿ. ಯುಎಸ್‌ಬಿ ಹಾಕಿದಾಗ ಆ 5 ವೋಲ್ಟ್ ಬೋರ್ಡಿನೊಳಗಿಂದ ಇದೇ ಪಿನ್ನಿಗೆ ಬರುತ್ತದೆ. ಸೆಲ್ ನೇರ ಜೋಡಿಸಿದ್ದರೆ ಕರೆಂಟ್ ಸೆಲ್ ಒಳಗೆ ನುಗ್ಗುತ್ತದೆ. ಪೆನ್ಸಿಲ್ ಸೆಲ್ ಆದರೆ ಸೋರುತ್ತದೆ, ಲಿಥಿಯಂ ಆದರೆ ಅಪಾಯ. ಸೆಲ್ಲಿನ ಪ್ಲಸ್‌ಗೂ ಈ ಪಿನ್ನಿಗೂ ನಡುವೆ 1ಎನ್5817 ಶಾಟ್ಕಿ ಡಯೋಡ್ ಹಾಕಿ. ಅದರ ಬಿಳಿ ಗೆರೆ ಪಿಕೋ ಕಡೆ ಇರಲಿ.

ಲಿಥಿಯಂ ಬಳಸುವ ದೊಡ್ಡವರಿಗೆ ಒಂದೆರಡು ಮಾತು. ಟಿಪಿ4056 ಚಾರ್ಜಿಂಗ್ ಬೋರ್ಡು ತರುವಾಗ ಪ್ರೊಟೆಕ್ಷನ್ ಇರುವುದನ್ನೇ ತನ್ನಿ. ಆ ಬೋರ್ಡು ಬರುವಾಗ 1 ಆಂಪಿಯರ್‌ಗೆ ಸೆಟ್ ಆಗಿರುತ್ತದೆ, 1.2 ಕಿಲೋಓಮ್ ರೆಸಿಸ್ಟರ್ ಇರುತ್ತದೆ. 500 ಮಿಲಿಆಂಪ್‌ಅವರ್‌ನ ಚಿಕ್ಕ ಸೆಲ್ಲಿಗೆ ಅದು ಜಾಸ್ತಿ. ಆ ರೆಸಿಸ್ಟರ್ ತೆಗೆದು 5 ಕಿಲೋಓಮ್ ಹಾಕಿದರೆ 250 ಮಿಲಿಆಂಪ್‌ಗೆ ಇಳಿಯುತ್ತದೆ. ಇನ್ನು ಸೆಲ್ಲಿನ ಕನೆಕ್ಟರ್. ಕೆಂಪು ತಂತಿ ಎಡಕ್ಕೋ ಬಲಕ್ಕೋ ಅನ್ನುವುದು ಒಂದೊಂದು ಕಡೆಯ ಮಾಲಿನಲ್ಲಿ ಒಂದೊಂದು ಥರ ಇರುತ್ತದೆ. ಸಿಕ್ಕಿಸುವ ಮುಂಚೆ ಮೀಟರ್ ಹಿಡಿಯಿರಿ. ಉಬ್ಬಿದ ಹಳೇ ಮೊಬೈಲ್ ಬ್ಯಾಟರಿ ಯಾವ ಕಾರಣಕ್ಕೂ ಬೇಡ.

ಬೆಸುಗೆ ಹಾಕುವುದು ಒಂಬತ್ತನೇ ತರಗತಿಗೆ ಖಂಡಿತ ಆಗುತ್ತದೆ, ನೀವು ಪಕ್ಕದಲ್ಲೇ ಇದ್ದರೆ. 25 ವ್ಯಾಟ್ ಐರನ್, ಕಿಟಕಿ ತೆರೆದಿರಲಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಸೀಸ ಇರುತ್ತದೆ. ಮೊದಲು ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ತೂತಿನ ಹಲಗೆ) ಇಡೀ ಗೇಮ್ ಓಡಿಸಿ. ಆಮೇಲೆ ಝೀರೋ ಪಿಸಿಬಿಗೆ (ಬೆಸುಗೆ ಹಾಕಲು ತೂತುಗಳಿರುವ ಖಾಲಿ ಬೋರ್ಡು) ಹೋಗಿ. ಪಿಕೋವನ್ನು ನೇರ ಬೆಸೆಯಬೇಡಿ, ಫೀಮೇಲ್ ಬರ್ಗ್ ಸ್ಟ್ರಿಪ್ (ಪಿನ್ ಸಿಕ್ಕಿಸುವ ತೂತಿನ ಪಟ್ಟಿ) ಬೆಸೆದು ಅದರ ಮೇಲೆ ಕೂರಿಸಿ. ಮುಂದಿನ ವರ್ಷದ ಮಕ್ಕಳಿಗೂ ಅದೇ ಬೋರ್ಡು ಬರುತ್ತದೆ.

@ಏಳುಸುತ್ತಿನ_ಕೋಟೆ

ನಾನು ದುರ್ಗದವಳು, ಇಂಜಿನಿಯರಿಂಗ್ ಓದುತ್ತಿದ್ದೇನೆ. ಪಿಕೋ, 128×64 ಪರದೆ ಈಗಾಗಲೇ ಬ್ರೆಡ್‌ಬೋರ್ಡಿನ ಮೇಲೆ ಓಡುತ್ತಿವೆ. ಗೇಮ್ ಬಗ್ಗೆ ಎಲ್ಲರ ಅಭಿಪ್ರಾಯ ಬೇಕು.

ಒನಕೆ ಓಬವ್ವನ ಗೇಮ್ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಕೋಟೆ ಹತ್ತುವಾಗೆಲ್ಲ ಆ ಕಿಂಡಿ ನೋಡಿದ್ದೇನೆ. ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿ ನುಸುಳುವಷ್ಟೇ ಜಾಗ. 128×64ರಲ್ಲಿ ಏನು ತೋರಿಸಬಹುದು ಅಂತ ಯೋಚಿಸುತ್ತಿದ್ದಾಗ ಇದು ಹೊಳೆಯಿತು. ಕಥೆಯೇ ಒಂದು ಪರದೆಯಷ್ಟು ಜಾಗದಲ್ಲಿ ನಡೆಯುತ್ತದೆ. ಹೈದರಾಲಿಯ ಸೈನಿಕರು ಬರುವುದು ಒಂದೇ ಕಿಂಡಿಯಿಂದ, ಒಬ್ಬೊಬ್ಬರಾಗಿ. ಹಿನ್ನೆಲೆ ಸರಿಯುವುದೇ ಬೇಡ. ಎಡಕ್ಕೆ ಬಂಡೆ ಮತ್ತು ಕಿಂಡಿ, ಬಲಕ್ಕೆ ಓಬವ್ವ.

ಬರೀ ಹೊಡೆಯುವುದಾದರೆ ಒಂದೇ ಬಟನ್, ಬೇಗ ಬೇಜಾರಾಗುತ್ತದೆ. ಆದರೆ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಬಿದ್ದವರನ್ನು ಅವಳು ಪಕ್ಕಕ್ಕೆ ಎಳೆದು ಹಾಕುತ್ತಾಳೆ, ಹಿಂದೆ ಬರುವವನಿಗೆ ಗೊತ್ತಾಗಬಾರದು ಅಂತ. ಅದನ್ನೇ ಎರಡನೇ ಬಟನ್ ಮಾಡಿದ್ದೇನೆ. ಎಳೆಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನವನು ತಲೆ ಹಾಕಬಹುದು. ಎಳೆಯದೆ ಬಿಟ್ಟರೆ ಬರುವವನು ನೋಡಿ ಕೂಗಿಕೊಳ್ಳುತ್ತಾನೆ, ಆಟ ಮುಗಿಯಿತು. ಹೊಡೆಯಬೇಕೋ ಎಳೆಯಬೇಕೋ ಅನ್ನುವ ತೀರ್ಮಾನದಲ್ಲೇ ಆಟ ಇದೆ. ಮೇಲೆ ಒಂದು ಗೆರೆ ಓಡುತ್ತಿರುತ್ತದೆ. ಗಂಡ ಊಟ ಮುಗಿಸಿ ಕಹಳೆ ಊದುವ ತನಕ ಅವಳು ತಡೆದು ನಿಲ್ಲಬೇಕು.

ರಕ್ತ ತೋರಿಸುವುದಿಲ್ಲ. ನಮ್ಮೂರಿನ ಹೆಣ್ಣುಮಗಳು, ನಾವು ಮರ್ಯಾದೆಯಿಂದ ನೆನೆಯುವವಳು. ಅವಳ ಎಚ್ಚರ ಆಡುವವರಿಗೆ ಗೊತ್ತಾದರೆ ಸಾಕು.

ಓಬವ್ವ 24×32 ಚುಕ್ಕಿ, 96 ಬೈಟ್. ನಿಂತದ್ದು, ಒನಕೆ ಎತ್ತಿದ್ದು, ಇಳಿಸಿದ್ದು, ಬಗ್ಗಿ ಎಳೆಯುವುದು, ನಾಲ್ಕು ಭಂಗಿ ಸೇರಿ 384 ಬೈಟ್. ಒನಕೆ ಎತ್ತಿದಾಗ ತುದಿ ಪರದೆಯ ಮೇಲಂಚಿಗೆ ಎರಡು ಚುಕ್ಕಿ ಕೆಳಗೆ ಬರುತ್ತದೆ. ಅಲ್ಲಿ ಒಂದು ಫ್ರೇಮ್ ಹಾಗೇ ನಿಲ್ಲಿಸಿದರೆ ಹೊಡೆತಕ್ಕೆ ಭಾರ ಬರುತ್ತದೆ, ನಿಲ್ಲಿಸದಿದ್ದರೆ ಕಡ್ಡಿ ಅಲ್ಲಾಡಿಸಿದಂತೆ ಕಾಣುತ್ತದೆ.

@ಮಂಡಿಪೇಟೆ_ಬೆಂಚು

ತಂಗೀ, ಓದಿ ತುಂಬಾ ಖುಷಿಯಾಯಿತು. ನಿನ್ನದೇ ಗೇಮ್ ಓಡಲಿ ಅಂತ ನಾನು ಬರೆದದ್ದು ಇದಕ್ಕೇ.

@ಹದಡಿ_ರಸ್ತೆ

ಕಪ್ಪು-ಬಿಳುಪೇ ಇದಕ್ಕೆ ಸರಿ. ಬಂಡೆ ಪೂರ್ತಿ ಕಪ್ಪು, ಕಿಂಡಿ ಒಂದೇ ಬೆಳಕು. ಇದನ್ನು ಬಣ್ಣದಲ್ಲಿ ಮಾಡಬೇಡಿ.

ಸಮಯದ ಲೆಕ್ಕ ಮಾತ್ರ ಗಮನಿಸಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ನಿಮ್ಮದು ಸೆಕೆಂಡಿಗೆ 30 ಫ್ರೇಮ್ ಆದರೆ ಅದು 7 ಅಥವಾ 8 ಫ್ರೇಮ್. ತಲೆ ಕಾಣುವ ಹೊತ್ತನ್ನು ಶುರುವಿನಲ್ಲಿ 15 ಫ್ರೇಮ್ ಇಟ್ಟು ಇಳಿಸುತ್ತಾ ಬನ್ನಿ, 8ಕ್ಕಿಂತ ಕೆಳಗೆ ಹೋದರೆ ಹೆಚ್ಚಿನವರಿಗೆ ಆಗುವುದಿಲ್ಲ, ಆಟ ಮೋಸ ಮಾಡಿತು ಅನಿಸುತ್ತದೆ. ಕಷ್ಟ ಹೆಚ್ಚಿಸಬೇಕಾದರೆ ಮುಂಚೆಯೇ ಸೂಚನೆ ಕೊಡಿ. ತಲೆ ಕಾಣುವ 10 ಫ್ರೇಮ್ ಮೊದಲು ಕಲ್ಲಿಗೆ ಮೈ ಉಜ್ಜುವ ಸಣ್ಣ ಸದ್ದು ಬರಲಿ. ಆಗ 5 ಫ್ರೇಮ್‌ಗೂ ಇಳಿಸಬಹುದು. ಕಿವಿಗೊಟ್ಟು ಆಡುವವರು ಗೆಲ್ಲುತ್ತಾರೆ. ಓಬವ್ವನಿಗೂ ಮೊದಲು ಕೇಳಿಸಿದ್ದು ಸದ್ದೇ ತಾನೆ.

ಕೋಡಿನಲ್ಲಿ ಡಿಲೇ (ಸುಮ್ನೆ ಕಾಯಿಸುವ ಆಜ್ಞೆ) ಹಾಕಿ ಕಾಯಬೇಡಿ. ಗಡಿಯಾರ ನೋಡಿ, 33 ಮಿಲಿಸೆಕೆಂಡ್ ಆಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಸದ್ದು ಬಂದಾಗೆಲ್ಲ ಆಟ ನಿಧಾನ ಆಗುತ್ತದೆ.

@ಏಳುಸುತ್ತಿನ_ಕೋಟೆ

ಸದ್ದಿನ ಸೂಚನೆ ತುಂಬಾ ಇಷ್ಟವಾಯಿತು, ಹಾಕುತ್ತೇನೆ. ಎರಡು ಸಮಸ್ಯೆ ಉಳಿದಿವೆ. ಒನಕೆ ಬಿದ್ದಾಗ "ಧಪ್" ಅನ್ನಬೇಕು, ಆದರೆ ಬಜರ್ "ಕೀಂ" ಅನ್ನುತ್ತದೆ. ಕಂಪನ 100 ಹರ್ಟ್ಸ್‌ಗೆ ಇಳಿಸಿದರೆ ಕೇಳುವುದೇ ಇಲ್ಲ. ಮತ್ತೆ ಪರದೆ ಮೇಲೆ "ಓಬವ್ವ" ಅಂತ ಬರೆದರೆ ಒತ್ತಕ್ಷರ ಒಡೆದು ವ, ಅರ್ಕಾವೊತ್ತಿನ ಥರ ಒಂದು ಗೆರೆ, ಮತ್ತೆ ವ ಅಂತ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಮನಸ್ಸಿಲ್ಲ.

@ಮಂಡಿಪೇಟೆ_ಬೆಂಚು

ಸದ್ದಿನದು ಬಜರ್‌ನ ಗುಣ. ಆ ಪೀಜೋ ಬಿಲ್ಲೆ ಚೆನ್ನಾಗಿ ಅದುರುವುದು 2ರಿಂದ 4 ಕಿಲೋಹರ್ಟ್ಸ್ ಸುತ್ತ. ಕೆಳಗಿನ ಸ್ವರ ಅದರಿಂದ ಬರುವುದಿಲ್ಲ. ಹಳೇ ಆಟಿಕೆಯಿಂದ 8 ಓಮ್‌ನ ಚಿಕ್ಕ ಸ್ಪೀಕರ್ ಬಿಚ್ಚಿಕೋ. ಪಿಕೋ ಪಿನ್ನಿಗೆ ನೇರ ಕೊಡಬೇಡ, ಪಿನ್ನಿನ ತಾಕತ್ತು 12 ಮಿಲಿಆಂಪ್ ಅಷ್ಟೇ. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಬೇಸ್‌ಗೆ 1 ಕಿಲೋಓಮ್, ಸ್ಪೀಕರ್ ಜೊತೆ ಸರಣಿಯಲ್ಲಿ 47 ಓಮ್, ಸ್ಪೀಕರ್ ಮೇಲೆ ಉಲ್ಟಾ 1ಎನ್4148 ಡಯೋಡ್. ಕೋಡಿನಲ್ಲಿ 400 ಹರ್ಟ್ಸ್‌ನಿಂದ ಶುರು ಮಾಡಿ 60 ಮಿಲಿಸೆಕೆಂಡಿನಲ್ಲಿ 100ಕ್ಕೆ ಇಳಿಸು. ಬರೀ ಕಡಿಮೆ ಸ್ವರ "ಬುಂ" ಅನ್ನುತ್ತದೆ, ಬೀಳುತ್ತಾ ಹೋಗುವ ಸ್ವರ ಹೊಡೆತದ ಹಾಗೆ ಕೇಳುತ್ತದೆ.

@ಹದಡಿ_ರಸ್ತೆ

ಕನ್ನಡದ್ದು ನಾನು ಹೇಳುತ್ತೇನೆ. ಯುನಿಕೋಡ್‌ನಲ್ಲಿ "ವ್ವ" ಒಂದು ಅಕ್ಷರವಾಗಿ ಇಲ್ಲ. ವ, ಹಲಂತ ಚಿಹ್ನೆ, ವ ಅಂತ ಮೂರು ಸಂಕೇತ. ಅವನ್ನು ಸೇರಿಸಿ ಕೆಳಗೆ ಒತ್ತು ಕೂರಿಸುವುದು ಮೊಬೈಲ್, ಕಂಪ್ಯೂಟರ್‌ನಲ್ಲಿ ಬೇರೆ ತಂತ್ರಾಂಶದ ಕೆಲಸ. ಈ ಚಿಕ್ಕ ಪರದೆಗಳ ಲೈಬ್ರರಿ (ಸಿದ್ಧವಾಗಿ ಸಿಗುವ ಕೋಡ್) ಅದನ್ನು ಮಾಡುವುದಿಲ್ಲ, ಒಂದಾದ ಮೇಲೊಂದು ಅಚ್ಚೊತ್ತುತ್ತದೆ.

ಗೇಮ್‌ನಲ್ಲಿ ಬರುವ ಪದಗಳು ಮೊದಲೇ ಗೊತ್ತಿರುತ್ತವಲ್ಲ. ಪ್ರತಿ ಪದವನ್ನೂ ಕಂಪ್ಯೂಟರಿನಲ್ಲಿ ಬರೆದು, ಕಪ್ಪು-ಬಿಳುಪು ಚಿತ್ರ ಮಾಡಿ, ಇಮೇಜ್2ಸಿಪಿಪಿ ಅನ್ನುವ ಉಚಿತ ಸಲಕರಣೆಯಲ್ಲಿ ಬೈಟ್‌ಗಳಾಗಿ ಬದಲಿಸಿ. ಅಗಲ 48, ಎತ್ತರ 20 ಇಟ್ಟರೆ "ಓಬವ್ವ" 120 ಬೈಟ್. ಎತ್ತರ 16ಕ್ಕಿಂತ ಕಡಿಮೆ ಬೇಡ, ಒತ್ತು ಕಲಸಿ ಹೋಗುತ್ತದೆ. ತಾನಾಗಿ ಬಂದ ಚಿತ್ರವನ್ನು ಹಾಗೇ ಬಿಡಬೇಡಿ, ಚೌಕಳಿ ಹಾಳೆಯ ಮೇಲೆ ಕೂತು ಚುಕ್ಕಿ ತಿದ್ದಿ. ವ ಅಕ್ಷರದ ಹೊಟ್ಟೆಯೊಳಗೆ ಕನಿಷ್ಠ ಎರಡು ಚುಕ್ಕಿ ಖಾಲಿ ಉಳಿಯಬೇಕು, ಆಗ ಓದಲು ಬರುತ್ತದೆ. ಅಂಕಿಗೆ ಈ ತೊಂದರೆ ಇಲ್ಲ, ೦ಯಿಂದ ೯ರ ತನಕ ಹತ್ತು ಚಿತ್ರ ಮಾಡಿಟ್ಟರೆ ಯಾವ ಅಂಕವನ್ನಾದರೂ ಕನ್ನಡದಲ್ಲೇ ತೋರಿಸಬಹುದು.

ಅತಿ ಹೆಚ್ಚು ಅಂಕ ಉಳಿಸುವುದಾದರೆ ಆಟ ಮುಗಿದಾಗ ಒಂದೇ ಸಲ ಬರೆಯಿರಿ. ಫ್ಲ್ಯಾಶ್‌ನಲ್ಲಿ ಒಮ್ಮೆಗೆ 4096 ಬೈಟ್ ಅಳಿಸಿ ಬರೆಯಬೇಕಾಗುತ್ತದೆ, ಪ್ರತಿ ಹೊಡೆತಕ್ಕೂ ಬರೆದರೆ ಸವೆಯುತ್ತದೆ.

@ಹರಿಹರ_ಸೇತುವೆ

ಹಳೇ ಗೇಮ್‌ಗಳ ರಾಮ್ (ROM) ಫೈಲ್, ಅಂದರೆ ಕ್ಯಾಸೆಟ್ಟಿನ ನಕಲು, ಇಂಟರ್ನೆಟ್‌ನಲ್ಲಿ ಎಲ್ಲಾ ಸಿಗುತ್ತದಲ್ಲ, ಹಾಕಿಕೊಂಡರೆ ತೊಂದರೆ ಇದೆಯಾ?

@ಹದಡಿ_ರಸ್ತೆ

ಇದೆ. ಆ ಗೇಮ್‌ಗಳ ಹಕ್ಕು ಈಗಲೂ ಆ ಕಂಪನಿಗಳದ್ದೇ. ಹಳೆಯದು ಅಂದ ಮಾತ್ರಕ್ಕೆ ಉಚಿತ ಆಗುವುದಿಲ್ಲ. ಗೇಮ್ ಬಾಯ್‌ಗಾಗಿ ಈಗಲೂ ಹೊಸ ಗೇಮ್ ಬರೆದು ಉಚಿತವಾಗಿ ಹಂಚುವವರು ಇದ್ದಾರೆ, ಅವನ್ನು ಹಾಕಿಕೋ. ಜಿಬಿ ಸ್ಟುಡಿಯೋ ಅಂತ ಇದೆ, ಕೋಡ್ ಬರೆಯದೆಯೂ ಗೇಮ್ ಬಾಯ್ ಗೇಮ್ ಮಾಡಬಹುದು. ನಿನ್ನ ಇಎಸ್‌ಪಿ32 ಎಮ್ಯುಲೇಟರ್‌ನಲ್ಲಿ ನಿನ್ನದೇ ಗೇಮ್ ಓಡಿಸಬಹುದು. ಬೆಂಚು ಅಣ್ಣನಿಗೂ ಸಮಾಧಾನ, ನನಗೂ ಬಣ್ಣದ ಪರದೆ ಉಳಿಯಿತು.

@ಹಿರಿಯೂರು_ಮೇಷ್ಟ್ರು

ಡಬ್ಬಿಗೆ ಏನು ಮಾಡುತ್ತೀರಿ? ನಮ್ಮ ಕಡೆ 3ಡಿ ಪ್ರಿಂಟರ್ ಇಲ್ಲ. ಮಕ್ಕಳು ಸ್ಟೀಲ್ ಕಂಪಾಸ್ ಬಾಕ್ಸ್ ತರುತ್ತೇವೆ ಅನ್ನುತ್ತಿದ್ದಾರೆ.

@ಮಂಡಿಪೇಟೆ_ಬೆಂಚು

ಸ್ಟೀಲ್ ಬೇಡ ಮೇಷ್ಟ್ರೇ, ಬೋರ್ಡಿನ ಹಿಂಬದಿ ಬೆಸುಗೆ ತಾಗಿ ಶಾರ್ಟ್ ಆಗುತ್ತದೆ. ಮನೆ ವೈರಿಂಗ್‌ಗೆ ಬಳಸುವ ಪಿವಿಸಿ ಸ್ವಿಚ್ ಬಾಕ್ಸ್ ತನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಗಟ್ಟಿ ಇರುತ್ತದೆ, ಬಿಸಿ ಮಾಡಿದ ಬ್ಲೇಡಿನಲ್ಲಿ ಪರದೆಗೆ ಕಿಂಡಿ ಕೊರೆಯಬಹುದು. ಮುಚ್ಚಳಕ್ಕೆ ಅಕ್ರಿಲಿಕ್ ಬೇಕಾದರೆ ಬೋರ್ಡು ಬರೆಯುವ ಅಂಗಡಿಯವರನ್ನು ಕೇಳಿ, ಅವರ ಹತ್ತಿರ ತುಂಡುಗಳು ಉಳಿದಿರುತ್ತವೆ. ಪ್ರಿಂಟ್ ಮಾಡಿಸುವವರಿಗೆ ಒಂದು ಮಾತು: ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗುತ್ತದೆ. ಪಿಇಟಿಜಿ ಹಾಕಿಸಿ.

ಬಟನ್ ಮೇಲೆ ಕೂರಿಸಲು ಹಳೇ ಟಿವಿ ರಿಮೋಟಿನ ರಬ್ಬರ್ ಪ್ಯಾಡ್ ಕತ್ತರಿಸಿ ಬಳಸಿ. ಬರೀ ಟ್ಯಾಕ್ಟೈಲ್ ಬಟನ್ ಹೊತ್ತು ಹೋದಂತೆ ಹೆಬ್ಬೆರಳು ನೋಯಿಸುತ್ತದೆ.

@ಹಿರಿಯೂರು_ಮೇಷ್ಟ್ರು

ಹಾಗಾದರೆ ತರಬೇಕಾದ್ದು: ಪಿಕೋ, 1.3 ಇಂಚಿನ ಒಎಲ್‌ಇಡಿ (0.96 ಇಂಚು ಮಕ್ಕಳಿಗೆ ತೀರಾ ಚಿಕ್ಕದು ಅನಿಸಿತು), ಟ್ಯಾಕ್ಟೈಲ್ ಬಟನ್, ಬಜರ್, ಮೂರು ಸೆಲ್ಲಿನ ಹೋಲ್ಡರ್, 1ಎನ್5817, ಝೀರೋ ಪಿಸಿಬಿ, ಬರ್ಗ್ ಸ್ಟ್ರಿಪ್, ಒಂದು ಸ್ಲೈಡ್ ಸ್ವಿಚ್. ಸರಿಯೇ? ಬೆಂಗಳೂರಿಗೆ ಹೋಗುವವರೊಬ್ಬರು ಎಸ್.ಪಿ. ರೋಡಿನಿಂದ ತಂದುಕೊಡುತ್ತಾರೆ.

@ಮಂಡಿಪೇಟೆ_ಬೆಂಚು

ಪಟ್ಟಿ ಸರಿ ಇದೆ. 1.3 ಇಂಚು ತನ್ನಿ, ಅದರೊಳಗಿನ ಚಿಪ್ ಸಾಮಾನ್ಯವಾಗಿ ಎಸ್‌ಎಚ್1106 ಇರುತ್ತದೆ, 0.96ರಲ್ಲಿ ಇರುವ ಎಸ್‌ಎಸ್‌ಡಿ1306 ಅಲ್ಲ. ಅದರ ಮೆಮೊರಿ 132 ಚುಕ್ಕಿ ಅಗಲ, ಕಾಣುವುದು 128. ಕೋಡಿನಲ್ಲಿ 1306 ಅಂತ ಬಿಟ್ಟರೆ ಚಿತ್ರ ಕೆಡುತ್ತದೆ, ಅಂಚಿನಲ್ಲಿ ಕಸದ ಚುಕ್ಕಿ ಬರುತ್ತವೆ. ಡ್ರೈವರ್ ಹೆಸರು ಬದಲಿಸಿದರೆ ಸರಿಹೋಗುತ್ತದೆ, ಪರದೆ ಹಾಳು ಅಂತ ವಾಪಸ್ ಕಳಿಸಬೇಡಿ. ಏಳು ಪಿನ್ನಿನದೇ ಬೇಕು ಅಂತ ಹೇಳಿ ಕಳಿಸಿ. ಬಜರ್ ಕೇಳುವಾಗ ಪ್ಯಾಸಿವ್ ಅನ್ನಬೇಕು, ಆಕ್ಟಿವ್ ಕೊಟ್ಟರೆ ಅದು ಒಂದೇ ಸ್ವರ ಕೂಗುತ್ತದೆ. ಬಟನ್ 12 ಮಿಲಿಮೀಟರಿನದು ತನ್ನಿ, ನಾಲ್ಕೈದು ಜಾಸ್ತಿಯೇ ಇರಲಿ.